ಕುಂಟ ತೂತು

"ಇದು ನನ್ನ ತೊಲೆ ಅಲ್ಲ," ಎಂದರು ದೋನ್ಯಾ ಒಬ್ದುಲಿಯಾ.

ಹೇಳಿದ್ದು ನನಗಲ್ಲ, ತೊಲೆಗೆ. ಹೊಸ ತರಕಾರಿ ಮಾರುಕಟ್ಟೆಯ ಸೈಟಿನ ಮೂಲೆಯಲ್ಲಿ, ಪೊಲೀಸರು ಕಟ್ಟಿದ ಹಳದಿ ಪಟ್ಟಿಯೊಳಗೆ ಅದು ಮಗ್ಗುಲಾಗಿ ಬಿದ್ದಿತ್ತು. ಊರೇ ಮರ್ಯಾದೆಯಿಂದ ದೋನ್ಯಾ ಎಂದು ಕರೆಯುವ, ಅರವತ್ತು ದಾಟಿದ ಹೆಂಗಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿವಿಯಲ್ಲಿ ಮುತ್ತು. ಮಣ್ಣು ಗಿಣ್ಣು ಏನೂ ನೋಡದೆ ಮಂಡಿಯೂರಿ ತೊಲೆಯ ತುದಿಯ ತೂತುಗಳಲ್ಲಿ ಬೆರಳು ಆಡಿಸುತ್ತಿದ್ದರು.

ಕಳೆದ ತಿಂಗಳು ಈ ಉಕ್ಕಿನ ತೊಲೆ ಹರಿದು ಬಿದ್ದು ಅಬುಂದಿಯೋ ಲೆಯಾಲ್ ಎಂಬ ಕೆಲಸಗಾರ ಕಾಲು ಕಳೆದುಕೊಂಡ. ತಪ್ಪೆಲ್ಲ ಒಬ್ದುಲಿಯಾ ಬರೆದ ನಕ್ಷೆಯದು ಎಂದು ಸರ್ಕಾರಿ ವಕೀಲರು ಕೇಸು ಹಾಕಿದ್ದರು. ಸೋಮವಾರ ಅವರು ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಜೈಲಿಗಿಂತ ಹೆಚ್ಚಾಗಿ ಅವರಿಗೆ ಉರಿಯುತ್ತಿದ್ದದ್ದು ಇನ್ನೊಂದು ವಿಷಯಕ್ಕೆ. ಮಾಂಟೆರ್ರೇ ಊರಿನ ಉಕ್ಕಿನವರೆಲ್ಲ ಒಬ್ದುಲಿಯಾ ಎಲಿಸೋಂದೋ ತಪ್ಪು ಮಾಡಿದಳು ಎಂದು ನಂಬಿಬಿಡುತ್ತಾರಲ್ಲ ಎಂಬುದಕ್ಕೆ.

ನಾನು ನೊಯೆಮಿ ಕಾಂತು. ಮೇಲಧಿಕಾರಿಯ ಮುಖಕ್ಕೆ ಫೈಲು ಎಸೆದು ಪೊಲೀಸ್ ಕೆಲಸ ಬಿಟ್ಟವಳು, ಈಗ ಖಾಸಗಿ ಪತ್ತೇದಾರಿ. ಅಮ್ಮನನ್ನು ಉಳಿಸಿಕೊಡಿ ಎಂದು ಕಣ್ಣೀರು ಹಾಕಿ ನನ್ನನ್ನು ಗೊತ್ತು ಮಾಡಿದ್ದು ಅವರ ಒಬ್ಬಳೇ ಮಗಳು ನೆರೈದಾ.

ಮೊದಲ ಭೇಟಿಯಲ್ಲೇ ನಾನು ಒಬ್ದುಲಿಯಾರ ಕೋಪಕ್ಕೆ ಗುರಿಯಾಗಿದ್ದೆ. ಅವರ ಕೆಲಸಕ್ಕೆ ಡಿಟೇಲರ್ ಅನ್ನುತ್ತಾರೆ. ಅಂದರೆ ಇಂಜಿನಿಯರ್ ಬರೆದದ್ದನ್ನು ನೀವು ನೀಟಾಗಿ ಕಾಪಿ ಮಾಡುತ್ತೀರಾ ಎಂದು ಕೇಳಿಬಿಟ್ಟೆ. ನನಗೆಂದು ತಂದಿಟ್ಟಿದ್ದ ಕಾಫಿಯನ್ನು ಅವರು ವಾಪಸ್ ಅಡುಗೆಮನೆಗೆ ತೆಗೆದುಕೊಂಡು ಹೋದರು.

ಆಮೇಲೆ ಕೂತು ಪಾಠ ಮಾಡಿದರು. ಎಷ್ಟು ಭಾರ ಬರುತ್ತದೆ, ತೊಲೆ ಎಷ್ಟು ದಪ್ಪ ಇರಬೇಕು ಎಂದು ಇಂಜಿನಿಯರ್ ಲೆಕ್ಕ ಹಾಕಿ ಕೊಡುತ್ತಾರೆ. ಅಷ್ಟಕ್ಕೇ ಕಟ್ಟಡ ಏಳುವುದಿಲ್ಲ. ಪ್ರತಿಯೊಂದು ತೊಲೆ, ಪ್ರತಿಯೊಂದು ಕಂಬ, ಪ್ರತಿಯೊಂದು ತಗಡಿಗೂ ಬೇರೆ ಬೇರೆ ನಕ್ಷೆ ಬೇಕು. ಎಲ್ಲಿ ಕತ್ತರಿಸಬೇಕು, ಎಲ್ಲಿ ತೂತು ಕೊರೆಯಬೇಕು, ಎಲ್ಲಿ ಬೆಸೆಯಬೇಕು, ಯಾವ ತುದಿ ಯಾವ ಕಡೆ. ಕಾರ್ಖಾನೆಯವನು ಒಂದು ಪ್ರಶ್ನೆಯನ್ನೂ ಕೇಳದೆ ಕತ್ತರಿಸಬೇಕು, ಅಲ್ಲಿ ಮೇಲೆ ಗಾಳಿಯಲ್ಲಿ ನಿಂತವನು ಬೋಲ್ಟು ಹಾಕಿದರೆ ಅದು ಸಲೀಸಾಗಿ ಒಳಗೆ ಹೋಗಬೇಕು.

"ಹೋಗದಿದ್ರೆ?" ಎಂದೆ.

"ನನ್ನ ನಕ್ಷೇಲಿ ಹೋಗದೇ ಇರೋದು ಇಲ್ಲ," ಎಂದರು. "ಹೋಗಬಾರದು ಅಂತ ನಾನೇ ಮಾಡಿದ್ರೆ ಮಾತ್ರ ಹೋಗಲ್ಲ."

ಆ ಮಾತು ಆಗ ನನಗೆ ಬಡಾಯಿ ಅನ್ನಿಸಿತ್ತು. ಇವತ್ತು ಬೆಳಿಗ್ಗೆ ಸೈಟಿಗೆ ಬರುವಾಗ ದಾರಿಯುದ್ದಕ್ಕೂ ಅದೇ ಬಡಾಯಿ. ಕಾರಿನ ಕಿಟಕಿಯಿಂದ ಕೈ ಹೊರಗೆ ಚಾಚಿ, ಆ ಮೇಲ್ಸೇತುವೆ ನನ್ನದು, ಆ ಆಸ್ಪತ್ರೆಯ ಚಾವಣಿ ನನ್ನದು, ಆ ಗಾಜಿನ ಗೋಪುರದ ಎಲುಬೆಲ್ಲ ನನ್ನದು ಎಂದು ತೋರಿಸುತ್ತಾ ಬಂದರು. ಉದ್ಘಾಟನೆಯ ಕಲ್ಲಿನ ಮೇಲೆ ಮಂತ್ರಿಗಳ ಹೆಸರು ಇರಲಿ, ಬೋಲ್ಟು ಬಿಚ್ಚಿ ನೋಡಿದರೆ ನನ್ನ ಹೆಸರು ಸಿಗುತ್ತದೆ ಎಂದು ನಕ್ಕರು.

ಅವರು ಮಗಳ ಬಗ್ಗೆ ಹೇಳುವಾಗಲಂತೂ ಇನ್ನೂ ಜೋರು. ನೆರೈದಾ ತಮ್ಮ ಮೇಜಿನ ಕೆಳಗೆ ಆಡಿಕೊಂಡೇ ಕೆಲಸ ಕಲಿತವಳು, ಈಗ ಸ್ವಂತ ಆಫೀಸು ತೆಗೆದಿದ್ದಾಳೆ, ದೊಡ್ಡ ದೊಡ್ಡ ಕಾರ್ಖಾನೆಯವರು ಅವಳ ಬಾಗಿಲು ಕಾಯುತ್ತಾರೆ. ತಮ್ಮ ಕೈಬೆರಳಿನ ಅಭ್ಯಾಸ ಕೂಡ ಅವಳಿಗೆ ಬಂದಿದೆ ಎಂದು ಹೇಳಿ, ನನ್ನ ಕಾರಿನ ಧೂಳು ಹಿಡಿದ ಡ್ಯಾಶ್‌ಬೋರ್ಡಿನ ಮೇಲೆ ಉಗುರಿನಿಂದ ಗೀರಿ ತೋರಿಸಿದರು. ತೂತಿನ ನಡುವನ್ನು ಗುರುತಿಸಲು ಎಲ್ಲರೂ ಒಂದು ಕೂಡಿಸುವ ಚಿಹ್ನೆ ಹಾಕುತ್ತಾರೆ. ಇವರು ಅದರ ಕೆಳಗಿನ ಗೆರೆಗೆ ಒಂದು ಸಣ್ಣ ಬಾಲ ಸೇರಿಸುತ್ತಾರೆ, ಬಲಕ್ಕೆ ತಿರುಗಿದ ಬಾಲ.

"ನನ್ನ ಮಗಳದ್ದು ಎಡಕ್ಕೆ ತಿರುಗುತ್ತೆ. ಎಡಗೈ ಅಲ್ವಾ ಅವಳದ್ದು," ಎಂದರು. ಅವರ ಮುಖ ಅರಳಿತ್ತು. ನನಗೂ ಖುಷಿಯಾಯಿತು.

ಈಗ ಮಣ್ಣಿನಲ್ಲಿ ಮಂಡಿಯೂರಿದ್ದ ಅವರ ಮುಖದಲ್ಲಿ ಆ ನಗು ಇರಲಿಲ್ಲ.

"ನೋಡು ಇಲ್ಲಿ," ಎಂದು ನನ್ನ ಕೈ ಹಿಡಿದು ತೂತಿನ ಮೇಲೆ ಇಟ್ಟರು. "ನಾಲ್ಕೂ ಒಂದೇ ಸಾಲು. ಸೈನಿಕರ ಥರ ನಿಂತಿವೆ. ನನ್ನ ಕುಂಟಿ ಎಲ್ಲಿ?"

ಕುಂಟಿಯ ಕಥೆಯನ್ನು ಅಲ್ಲೇ ಹೇಳಿದರು. ಈ ತೊಲೆಯ ಎರಡು ತುದಿಗಳು ಹೊರಗಿನಿಂದ ಒಂದೇ ಥರ ಕಂಡರೂ ಒಂದೇ ಅಲ್ಲ. ಸಿಯಾ ಬೆಟ್ಟದ ಕಡೆಯ ತುದಿಯ ಮೇಲೆ ಮಾರುಕಟ್ಟೆಯ ಶೀತಲ ಯಂತ್ರ ಕೂರುತ್ತದೆ. ಅಲ್ಲಿ ದಪ್ಪ ತಗಡು. ಇನ್ನೊಂದು ತುದಿಗೆ ತೆಳು ತಗಡು ಸಾಕು. ಯಾರಾದರೂ ತಿರುಗುಮುರುಗಾಗಿ ಇಟ್ಟರೆ ತೆಳು ತಗಡಿನ ಮೇಲೆ ಯಂತ್ರದ ಭಾರ ಬೀಳುತ್ತದೆ. ಅದಕ್ಕೇ ಅವರು ಭಾರದ ತುದಿಯಲ್ಲಿ ಒಂದು ತೂತನ್ನು ಸಾಲು ಬಿಟ್ಟು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಸುತ್ತಾರೆ. ಕಂಬದ ತಗಡಿನಲ್ಲೂ ಅದೇ ಜಾಗದಲ್ಲಿ ಸರಿಸುತ್ತಾರೆ. ಸರಿಯಾಗಿ ಇಟ್ಟರೆ ಬೋಲ್ಟು ಹೋಗುತ್ತದೆ, ತಿರುಗಿಸಿ ಇಟ್ಟರೆ ಸತ್ತರೂ ಹೋಗುವುದಿಲ್ಲ. ಊರಿನ ಉಕ್ಕಿನ ಕೆಲಸದವರೆಲ್ಲ ಅದಕ್ಕೆ ಒಬ್ದುಲಿಯಾಳ ಕುಂಟಿ ಎಂದು ಹೆಸರಿಟ್ಟಿದ್ದಾರೆ. ಬೈಯುತ್ತಾರೆ, ಆದರೆ ನಂಬುತ್ತಾರೆ.

ಇನ್ನೊಂದು ರೂಢಿಯೂ ಇದೆ. ಪ್ರತಿ ತೊಲೆಯ ಒಂದು ತುದಿಯಲ್ಲಿ ಅದರ ಗುರುತಿನ ಸಂಖ್ಯೆ ಒತ್ತಿರುತ್ತಾರೆ. ಬೇರೆ ಊರಿನವರು ಆ ತುದಿಯನ್ನು ಉತ್ತರ ದಿಕ್ಕಿಗೆ ಇಡುತ್ತಾರಂತೆ. ನಮ್ಮ ಮಾಂಟೆರ್ರೇಯಲ್ಲಿ ದಿಕ್ಸೂಚಿ ಯಾರಿಗೆ ಬೇಕು. ತಲೆ ಎತ್ತಿದರೆ ಕುದುರೆ ಜೀನಿನ ಥರದ ಸಿಯಾ ಬೆಟ್ಟ ಕಾಣುತ್ತದೆ. ಒಬ್ದುಲಿಯಾರ ನಕ್ಷೆಯಲ್ಲಿ ಗುರುತು ಯಾವಾಗಲೂ ಸಿಯಾ ಕಡೆಗೆ.

ಈ ತೊಲೆಯ ಗುರುತು ತೆಳು ತಗಡಿನ ತುದಿಯಲ್ಲಿತ್ತು.

ಅಂದರೆ ಮೇಲೆ ನಿಂತ ಹುಡುಗರು ತಪ್ಪು ಮಾಡಿರಲಿಲ್ಲ. ಒಬ್ದುಲಿಯಾರ ರೂಢಿಯನ್ನು ನಂಬಿ ಗುರುತನ್ನು ಬೆಟ್ಟದ ಕಡೆ ಇಟ್ಟಿದ್ದರು. ಗುರುತೇ ಸುಳ್ಳು ಹೇಳಿತ್ತು, ತಡೆಯಬೇಕಾಗಿದ್ದ ಕುಂಟಿ ಮಾಯವಾಗಿತ್ತು.

ಸರ್ಕಾರಿ ವಕೀಲರ ಕೈಯಲ್ಲಿದ್ದ ನಕ್ಷೆಯಲ್ಲೂ ತೂತುಗಳು ನೇರವಾಗಿಯೇ ಇದ್ದವು, ಗುರುತು ತೆಳು ತುದಿಯಲ್ಲೇ ಇತ್ತು. ಕೆಳಗೆ ಒಬ್ದುಲಿಯಾರ ಸಹಿ. ಕೊಟ್ಟವರು ತೊಲೆ ತಯಾರಿಸಿದ ಎಸ್ಪುವೆಲಾ ಕಾರ್ಖಾನೆಯವರು. ನಕ್ಷೆ ತಿದ್ದಿದ್ದಾರೆ ಎಂದು ಒಬ್ದುಲಿಯಾ ಕೂಗಿದ್ದಕ್ಕೆ ತನಿಖೆಯವರು ಅವರ ಆಫೀಸಿನ ಕಂಪ್ಯೂಟರ್ ತೆಗೆದು ನೋಡಿದರು. ಅಲ್ಲಿದ್ದದ್ದೂ ಅದೇ ನೇರ ತೂತಿನ ನಕ್ಷೆ. ನಿಮ್ಮ ಆಫೀಸಿನೊಳಗೆ ಯಾರು ಬರುತ್ತಾರೆ ಎಂದು ನಾನು ಕೇಳಿದ್ದಕ್ಕೆ, ನನ್ನ ಮಗಳು ಮತ್ತು ಪಕ್ಕದ ಮನೆಯ ಬೆಕ್ಕು ಎಂದಿದ್ದರು. ನಾನು ನಕ್ಕು ಮುಂದಿನ ಪ್ರಶ್ನೆಗೆ ಹೋಗಿದ್ದೆ.

"ದೋನ್ಯಾ, ಸೋಮವಾರ ನೀವು ಕುಂಟಿ ಹಾಕಿದ್ದೆ ಅಂತ ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ?" ಎಂದೆ. "ಕೈಗೆ ಸಿಗೋ ಸಾಕ್ಷಿ ಬೇಕು."

ಅವರು ಎದ್ದು ಮಂಡಿಯ ಮಣ್ಣು ಕೊಡವಿಕೊಂಡರು. ತಲೆ ಎತ್ತಿ ಕಂಬಗಳ ಕಡೆ ನೋಡಿದರು.

"ಕಂಬ ಮೊದಲು ಬರುತ್ತೆ," ಎಂದರು ನಿಧಾನವಾಗಿ. "ಮೊದಲು ಕಂಬ ನಿಲ್ಲಿಸ್ತಾರೆ, ತೊಲೆ ಎಷ್ಟೋ ದಿನದ ಮೇಲೆ. ತೊಲೆ ನಕ್ಷೆ ತಿದ್ದೋ ಹೊತ್ತಿಗೆ ಕಂಬ ಆಗಲೇ ನಿಂತಿತ್ತು, ನೊಯೆಮಿ. ಅದರ ತಗಡಲ್ಲಿ ನನ್ನ ಕುಂಟಿ ಇದ್ದೇ ಇರಬೇಕು."

ಇಬ್ಬರೂ ಓಡಿದೆವು. ನಾನು ಏಣಿ ಹತ್ತಿ ಬೆಟ್ಟದ ಕಡೆಯ ಕಂಬದ ತಗಡನ್ನು ನೋಡಿದೆ. ನಾಲ್ಕು ತೂತು, ನಾಲ್ಕೂ ನೇರ.

ಕೆಳಗಿನಿಂದ ಅವರು ಬಣ್ಣ ಹೇಗಿದೆ ಎಂದು ಕೇಳಿದರು. ಆಗ ಕಣ್ಣು ಬಿಟ್ಟು ನೋಡಿದೆ. ಕಂಬದ ಬಣ್ಣ ಬಿಸಿಲಿಗೆ ಮಾಸಿತ್ತು, ತಗಡಿನ ಸುತ್ತ ಮಾತ್ರ ಹೊಸ ಬಣ್ಣ. ಉಗುರಿನಿಂದ ಕೆರೆದರೆ ಅಡಿಯಲ್ಲಿ ಹೊಸ ಬೆಸುಗೆ ಹೊಳೆಯಿತು. ಹಳೆಯ ತಗಡನ್ನು ಯಾರೋ ಕತ್ತರಿಸಿ ತೆಗೆದು, ನೇರ ತೂತಿನದನ್ನು ಕೂರಿಸಿದ್ದರು.

ಹಾಗಾದರೆ ಹಳೆಯ ತಗಡು ಎಲ್ಲಿ? ಅದೊಂದು ಸಿಕ್ಕರೆ ಒಬ್ದುಲಿಯಾರ ಹೆಸರು ಉಳಿಯುತ್ತದೆ. ಗುಜರಿಯ ತೊಟ್ಟಿಗೆ ಹೋಗಿ ಇಣುಕಿದೆ. ಖಾಲಿ. ಒಂದು ಚೂರು ಉಕ್ಕೂ ಇರಲಿಲ್ಲ. ಸಿಟ್ಟು ಬಂದು ತೊಟ್ಟಿಗೆ ಕಾಲಿನಿಂದ ಒದ್ದೆ, ನೋವಾಗಿದ್ದು ನನಗೇ.

ಅದೇ ಹೊತ್ತಿಗೆ ಸೈಟಿನ ಆ ಕಡೆಯಿಂದ ಪಟಾಕಿ ಸದ್ದು ಕೇಳಿಸಿತು. ಮೇ ಮೂರು. ಸಾಂತಾ ಕ್ರೂಸ್, ಅಂದರೆ ಪವಿತ್ರ ಶಿಲುಬೆಯ ದಿನ, ಕಟ್ಟಡ ಕೆಲಸದವರ ಹಬ್ಬ. ಅಪಘಾತವಾಗಿ ಕೆಲಸ ನಿಂತಿದ್ದರೂ ಹುಡುಗರು ಹಬ್ಬ ಬಿಟ್ಟಿರಲಿಲ್ಲ. ಒಬ್ಬನ ಕಾಲು ಹೋದ ಜಾಗದಲ್ಲಿ ಬಿಡುವುದಾದರೂ ಹೇಗೆ? ಕೆಂಡದ ಮೇಲೆ ಮಾಂಸ ಸುಡುವ ವಾಸನೆ, ಗೋಧಿಯ ತೊರ್ತಿಯಾ ರೊಟ್ಟಿಯ ವಾಸನೆ. ಪಾದ್ರಿ ನೀರು ಚಿಮುಕಿಸಿ ಹೋಗಿಯಾಗಿತ್ತು. ಕಾಗದದ ಹೂವು, ಬಣ್ಣದ ರಿಬ್ಬನ್ನು ಸುತ್ತಿದ ಶಿಲುಬೆ ನೆಲದ ಮೇಲೆ ನಿಂತಿತ್ತು. ಕಟ್ಟಡದ ತುದಿಗೆ ಏರಿಸಲು ಕ್ರೇನಿನ ಕೊಕ್ಕೆಯನ್ನು ಅದಕ್ಕೆ ಬಿಗಿಯುತ್ತಿದ್ದರು.

ನನ್ನ ಅಪ್ಪ ಬದುಕೆಲ್ಲ ಈ ಊರಿನ ಉಕ್ಕಿನ ಕುಲುಮೆಯಲ್ಲಿ ಬೆಂದವನು. ಪ್ರತಿ ಮೇ ಮೂರಕ್ಕೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಿಲುಬೆ ಏರಿಸುವುದನ್ನು ತೋರಿಸಲು ಕರೆದೊಯ್ಯುತ್ತಿದ್ದ. ಬೇರೆ ಕಡೆ ಮರದ ಶಿಲುಬೆ ಮಾಡುತ್ತಾರೆ. ಉಕ್ಕಿನವರು ಮಾತ್ರ ಉಕ್ಕಿನದನ್ನೇ ಮಾಡುತ್ತಾರೆ, ಅದೂ ಅದೇ ಕಟ್ಟಡದಲ್ಲಿ ಕತ್ತರಿಸಿ ಉಳಿದ ತುಂಡುಗಳಿಂದ. ಹೊರಗಿನ ಒಂದು ಚೂರನ್ನೂ ಸೇರಿಸಬಾರದು. ವಾರಗಟ್ಟಲೆ ಮುಂಚೆಯೇ ಒಳ್ಳೊಳ್ಳೆಯ ತುಂಡು ಆರಿಸಿ ಎತ್ತಿಡುತ್ತಾರೆ.

ಗುಜರಿಯ ತೊಟ್ಟಿ ಯಾಕೆ ಖಾಲಿ ಎಂದು ನನಗೆ ಅರ್ಥವಾಯಿತು. ಅಪ್ಪನ ನೆನಪಾಗಿ ಎದೆ ಉಬ್ಬಿತು.

ಕ್ರೇನ್ ನಿಲ್ಲಿಸಿ ಎಂದು ಕೈ ಬೀಸುತ್ತಾ ಹೋಗಿ ಶಿಲುಬೆಯ ಮುಂದೆ ನಿಂತೆ. ಹಾಡು ನಿಂತಿತು. ತಂಡದ ಮೇಸ್ತ್ರಿ, ಎಲ್ಲರೂ ಮಾಯೆಸ್ತ್ರೋ ಎನ್ನುವ ಮಕಾರಿಯೋ ರೆಸೆಂದೆಸ್ ಬಿಯರ್ ಬಾಟಲಿ ಕೆಳಗಿಟ್ಟು ಎದ್ದು ಬಂದ. ಅಗಲ ಭುಜ, ನರೆತ ಮೀಸೆ. ಹಬ್ಬದ ದಿನ ಮೈಮೇಲೆ ಬಿದ್ದು ಜಗಳ ಮಾಡುವ ಇವಳು ಯಾರು ಎಂದು ಹುಡುಗರನ್ನು ಕೇಳಿದ. ಆಮೇಲೆ ನನ್ನ ಹಿಂದೆ ಏದುಸಿರು ಬಿಡುತ್ತಾ ಬಂದವರನ್ನು ಕಂಡು ಅವನ ಮುಖ ಬಿಗಿಯಿತು.

"ಅಬುಂದಿಯೋ ನನ್ನ ತಂಗಿ ಗಂಡ, ದೋನ್ಯಾ," ಎಂದ. "ಇಷ್ಟು ವರ್ಷ ನಿಮ್ಮ ಗುರುತನ್ನ ಕಣ್ಣು ಮುಚ್ಕೊಂಡು ನಂಬಿದ್ವಿ. ಇಲ್ಲಿಗೆ ಯಾವ ಮುಖ ಹೊತ್ಕೊಂಡು ಬಂದ್ರಿ?"

"ಇದೇ ಮುಖ, ಮಾಯೆಸ್ತ್ರೋ. ನನಗಿರೋದು ಒಂದೇ," ಎಂದರು ಒಬ್ದುಲಿಯಾ. "ಆ ಶಿಲುಬೆ ಮುಟ್ಟಬೇಕು ನಾನು."

ಮಂತ್ರಿಸಿದ ಶಿಲುಬೆ, ಯಾರೂ ಮುಟ್ಟುವಂತಿಲ್ಲ ಎಂದ. ಹಾಗೆ ಹೇಳುವಾಗ ಅವನ ಕಣ್ಣು ಒಮ್ಮೆ ಶಿಲುಬೆಯ ನಡುವಿಗೆ, ಎರಡು ತೋಳು ಸೇರುವ ಜಾಗಕ್ಕೆ ಹೋಗಿ ಬಂತು. ಅಲ್ಲಿ ಹೂವು ಎಲ್ಲಕ್ಕಿಂತ ದಟ್ಟವಾಗಿತ್ತು.

ಪೊಲೀಸ್ ಕೆಲಸದಲ್ಲಿ ನಾನು ಕಲಿತದ್ದು ಸ್ವಲ್ಪ, ಆದರೆ ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡುವುದನ್ನು ಚೆನ್ನಾಗಿ ಕಲಿತಿದ್ದೆ. ಕಾಗದದ ಹೂವನ್ನು ಸರಿಸಿದೆ. ಅಂಗೈಗಿಂತ ದೊಡ್ಡ, ಒಂದು ಅಂಚು ಗ್ಯಾಸಿನಿಂದ ಕತ್ತರಿಸಿದ, ನಾಲ್ಕು ತೂತಿನ ತಗಡು.

ಒಬ್ದುಲಿಯಾ ಶಿಲುಬೆಯಿಂದಲೇ ಒಂದು ರಿಬ್ಬನ್ನು ಬಿಚ್ಚಿ, ತೂತುಗಳ ನಡುವೆ ಬಿಗಿಯಾಗಿ ಎಳೆದು ಹಿಡಿದರು. ಮೊದಲನೆಯದರ ಮೇಲೆ ಹಾದುಹೋಯಿತು, ಎರಡನೆಯದು, ಮೂರನೆಯದು. ನಾಲ್ಕನೆಯದು ಒಂದು ಬೆರಳಿನಷ್ಟು ಪಕ್ಕದಲ್ಲಿತ್ತು.

"ಬಂದ್ಯಾ ತಾಯಿ," ಎಂದರು ತಗಡಿಗೆ. ಅವರ ಕಣ್ಣು ತುಂಬಿತ್ತು, ಕತ್ತು ನೆಟ್ಟಗಿತ್ತು. ಸುತ್ತ ನಿಂತ ಹುಡುಗರೆಲ್ಲ ಟೋಪಿ ತೆಗೆದರು. ಶಿಲುಬೆಗೋ ಅವರಿಗೋ ನನಗೆ ಗೊತ್ತಾಗಲಿಲ್ಲ.

ಮಕಾರಿಯೋ ಮರದ ಪೆಟ್ಟಿಗೆಯ ಮೇಲೆ ಕುಸಿದು ಕೂತ. ನಾನು ಅವನನ್ನು ಬಿಡಲಿಲ್ಲ. ಕಂಬದಲ್ಲಿ ಕುಂಟಿ ಇದೆ, ತೊಲೆಯಲ್ಲಿ ಇಲ್ಲ ಎಂದು ಗೊತ್ತಿದ್ದೂ ಯಾಕೆ ಕತ್ತರಿಸಿದೆ, ವಕೀಲರ ಮುಂದೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ತಂಗಿಯ ಗಂಡನ ಕಾಲಿಗಿಂತ ಕೂಲಿ ದೊಡ್ಡದಾಯಿತೇ ಎಂದೂ ಕೇಳಿದೆ. ಅದು ಕೆಟ್ಟ ಮಾತು, ಆದರೂ ಕೇಳಿದೆ.

ಅವನು ತಲೆ ತಗ್ಗಿಸಿಯೇ ಹೇಳಿದ. ಬೋಲ್ಟು ಹೋಗದಿದ್ದಾಗ ಕೆಲಸ ನಿಲ್ಲಿಸಿ ಎಸ್ಪುವೆಲಾ ಕಾರ್ಖಾನೆಗೆ ಫೋನ್ ಮಾಡಿದ್ದನಂತೆ. ಒಬ್ಬ ಹೆಂಗಸು ಬಂದರು. ಹೆಲ್ಮೆಟ್ಟು, ಕಪ್ಪು ಕನ್ನಡಕ, ಜಾಸ್ತಿ ಮಾತಿಲ್ಲ. ತಾನೇ ಮೇಲೆ ಹತ್ತಿ ಅಳತೆ ಮಾಡಿದರು. ಒಬ್ದುಲಿಯಾ ಅವರೇ ನಕ್ಷೆ ತಿದ್ದಿದ್ದಾರೆ, ಹಳೆಯ ತಗಡು ತೆಗೆದು ಹೊಸದು ಹಾಕಿ ಎಂದರು. ಮಾರನೆಯ ದಿನ ಹೊಸ ತಗಡೂ ಬಂತು. ಆ ಹೆಸರು ಕೇಳಿದ ಮೇಲೆ ಇವನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ತೊಲೆ ಬಿದ್ದ ಮೇಲೆ ಕಾರ್ಖಾನೆಯ ಯಜಮಾನ ಕರೆಸಿ, ತಗಡು ಕತ್ತರಿಸಿದ್ದು ನಿನ್ನ ಕೈ, ಬಾಯಿ ಬಿಟ್ಟರೆ ಒಳಗೆ ಹೋಗುವವನೂ ನೀನೇ ಎಂದ.

"ಹೇಳೋಕೆ ಧೈರ್ಯ ಇರ್ಲಿಲ್ಲ," ಎಂದ ಮಕಾರಿಯೋ. "ಎಸೆಯೋಕೆ ಮನಸ್ಸು ಬರ್ಲಿಲ್ಲ. ದೇವರ ಕಣ್ಣೆದುರಾದ್ರೂ ಇರ್ಲಿ ಅಂತ ಇಲ್ಲಿ ಹಾಕ್ದೆ. ಸೋಮವಾರ ನಾನೇ ಬಂದು ಹೇಳ್ತೀನಿ, ದೋನ್ಯಾ. ಒಳಗೆ ಹಾಕಿದ್ರೆ ಹಾಕ್ಲಿ."

ಅವನೇ ಎದ್ದು ಗ್ರೈಂಡರ್ ತಂದು ಬೆಸುಗೆ ಬಿಡಿಸಿದ. ಕಿಡಿ ಹಾರಿ ಒಂದೆರಡು ಕಾಗದದ ಹೂವು ಸುಟ್ಟವು. ಇನ್ನೂ ಬಿಸಿಯಿದ್ದ ತಗಡನ್ನು ತನ್ನ ಕೈಗವಸಿನಲ್ಲಿ ಸುತ್ತಿ ಒಬ್ದುಲಿಯಾರ ಕೈಗೆ ಇಟ್ಟ.

ನನಗೆ ಕುಣಿಯಬೇಕು ಅನ್ನಿಸಿತು. ಕೇಸು ಗೆದ್ದಾಯಿತು; ತಗಡಿದೆ, ಅದನ್ನು ಕತ್ತರಿಸಿದವನ ಸಾಕ್ಷಿ ಇದೆ. ಇನ್ನು ಉಳಿದದ್ದು ಆ ಕಪ್ಪು ಕನ್ನಡಕದ ಹೆಂಗಸು ಯಾರು ಎಂಬುದೊಂದೇ. ಅಷ್ಟರಲ್ಲಿ ಒಬ್ದುಲಿಯಾ ತಗಡಿನ ಬೂದಿ ಒರೆಸಿ, ಬಿಸಿಲಿಗೆ ಓರೆಯಾಗಿ ಹಿಡಿದರು.

ಕುಂಟಿಯ ಪಕ್ಕದಲ್ಲಿ, ತೂತು ನೇರವಾಗಿದ್ದಿದ್ದರೆ ಎಲ್ಲಿರಬೇಕಿತ್ತೋ ಅಲ್ಲಿ, ಯಾರೋ ಚೂಪು ಮೊನೆಯಿಂದ ಸಣ್ಣದಾಗಿ ಗೀರಿದ್ದರು. ಅಳತೆ ಮಾಡಿದವರ ಗುರುತು.

"ಎಷ್ಟು ಅಚ್ಚುಕಟ್ಟು ನೋಡು," ಎಂದರು ಅವರು. ಪರರ ಕೆಲಸವನ್ನು ಅವರು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಏಣಿ ಮೇಲೆ ನಿಂತು ಹಾಕಿದ್ದು, ಒಂದು ಕೂದಲೆಳೆ ಆಚೀಚೆ ಆಗಿಲ್ಲ. ಚೆನ್ನಾಗಿ ಕಲಿಸಿದ್ದಾರೆ ಇವಳಿಗೆ."

ಆ ಮಾತು ಮುಗಿಯುವ ಹೊತ್ತಿಗೆ ಅವರ ಬೆರಳು ನಿಂತುಹೋಯಿತು.

ನಾನು ಬಗ್ಗಿ ನೋಡಿದೆ. ಕೂಡಿಸುವ ಚಿಹ್ನೆ. ಕೆಳಗಿನ ಗೆರೆಯ ತುದಿಯಲ್ಲಿ ಒಂದು ಸಣ್ಣ ಬಾಲ. ಎಡಕ್ಕೆ ತಿರುಗಿದ ಬಾಲ.

ಬೆಳಿಗ್ಗೆ ನನ್ನ ಡ್ಯಾಶ್‌ಬೋರ್ಡಿನ ಧೂಳಿನ ಮೇಲೆ ಗೀರಿದ್ದು ಕಣ್ಣ ಮುಂದೆ ಬಂತು. ಆಫೀಸಿಗೆ ಬರುವವರು ಮಗಳು ಮತ್ತು ಬೆಕ್ಕು ಎಂದದ್ದು, ದೊಡ್ಡ ಕಾರ್ಖಾನೆಯವರು ಅವಳ ಬಾಗಿಲು ಕಾಯುತ್ತಾರೆ ಎಂದದ್ದು ನೆನಪಾಯಿತು. ನನ್ನ ಎದುರಿಗೆ ಕೂತು ಅತ್ತವಳು, ಅಮ್ಮನನ್ನು ಉಳಿಸಿಕೊಡಿ ಎಂದವಳು. ಮಕಾರಿಯೋ ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡುತ್ತಿದ್ದ. ಅವನಿಗೇನೂ ಅರ್ಥವಾಗಿರಲಿಲ್ಲ.

ನನ್ನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ನೆರೈದಾಳ ಹೆಸರು. ಎತ್ತಲೋ ಬೇಡವೋ ಎಂದು ನಾನು ನಿಂತಿರುವಾಗಲೇ ಒಬ್ದುಲಿಯಾ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಕಿವಿಗಿಟ್ಟರು. ಆ ಕಡೆಯ ದನಿ ನನಗೂ ಕೇಳಿಸಿತು.

"ನೊಯೆಮಿ, ಸೈಟಲ್ಲಿ ಏನಾದ್ರೂ ಸಿಕ್ತಾ?"

ಒಬ್ದುಲಿಯಾ ಒಮ್ಮೆ ಸಿಯಾ ಬೆಟ್ಟದ ಕಡೆ ನೋಡಿದರು. ಕತ್ತು ಇನ್ನೂ ನೆಟ್ಟಗೇ ಇತ್ತು.

"ಇಲ್ಲ ಮಗಳೇ," ಎಂದರು. "ಏನೂ ಸಿಗ್ಲಿಲ್ಲ. ನೀನು ಮಧ್ಯಾಹ್ನ ಮನೆಗೆ ಊಟಕ್ಕೆ ಬಾ."

ಫೋನನ್ನು ನನಗೆ ವಾಪಸ್ ಕೊಟ್ಟು, ಕೈಗವಸಿನಲ್ಲಿದ್ದ ತಗಡನ್ನು ಮಕಾರಿಯೋನ ಕಡೆ ಚಾಚಿದರು.

"ಇದನ್ನ ಎಲ್ಲಿತ್ತೋ ಅಲ್ಲೇ ಬೆಸೆದುಬಿಡು, ಮಾಯೆಸ್ತ್ರೋ. ಶಿಲುಬೆ ಮೇಲೆ ಹೋಗ್ಲಿ."